ಆರತಕ್ಷತೆಯ 28 ಮೇಜುಗಳಿಗೆ ಕಡಿಮೆ ಖರ್ಚಿನ ಹೂವಿನ ಅಲಂಕಾರ: ಮನೆಯವರೇ ಮಾಡಬಹುದೇ?

ದೊಡ್ಡ ಮಗಳು, ಮೈಸೂರು

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳ ಎರಡನೆಯ ವಾರ ಮೈಸೂರಿನಲ್ಲಿ ನನ್ನ ತಂಗಿಯ ಮದುವೆ ಗೊತ್ತಾಗಿದೆ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ. ಧಾರೆಯ ಊಟ ಬಾಳೆಯೆಲೆಯ ಪಂಕ್ತಿಯಲ್ಲಿ ನಡೆಯುವುದರಿಂದ ಅಲ್ಲಿ ಮೇಜಿನ ಮೇಲೆ ಅಲಂಕಾರಕ್ಕೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಆದರೆ ಆರತಕ್ಷತೆಗೆ ಐದು ಅಡಿ ಅಗಲದ, ಎಂಟು ಜನ ಕೂರುವ 28 ದುಂಡು ಮೇಜುಗಳನ್ನು ಹಾಕಿಸುತ್ತಿದ್ದೇವೆ. ಅವುಗಳ ನಡುವೆ ಹೂವಿನ ಅಲಂಕಾರ ಇರಲೇಬೇಕೆಂಬುದು ತಂಗಿಯ ಆಸೆ.

ವೇದಿಕೆಯ ಅಲಂಕಾರ ಒಪ್ಪಿಕೊಂಡವರನ್ನೇ ಕೇಳಿದೆವು. ಮೇಜಿಗೆ ₹900ರಂತೆ ಒಟ್ಟು ₹25,200 ಆಗುತ್ತದೆ ಎಂದರು. ಆ ದರ ಅನ್ಯಾಯವೆಂದು ನಾನು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಹೂದಾನಿ, ಸಾಗಣೆ, ಆಳುಗಳ ಕೂಲಿ ಮತ್ತು ನಡುರಾತ್ರಿ ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗುವ ಕೆಲಸವೂ ಸೇರಿದೆ. ಆದರೆ ನಮ್ಮ ಕೈಯಲ್ಲಿ ಇದಕ್ಕೆಂದು ಉಳಿದಿರುವುದು ₹6,000 ಮಾತ್ರ. ಅಂತರ್ಜಾಲದಲ್ಲಿ ನೋಡಿದ ಚಿತ್ರಗಳಲ್ಲೆಲ್ಲ ಎತ್ತರದ ಗಾಜಿನ ಹೂದಾನಿಗಳಲ್ಲಿ ಉದ್ದ ಕಾಂಡದ ಗುಲಾಬಿಗಳಿವೆ. ಅವನ್ನು ಲೆಕ್ಕ ಹಾಕಿದರೆ ಹೂವಿಗೇ ನಮ್ಮ ಹಣ ಮುಗಿದುಹೋಗುತ್ತದೆ.

ಸಹಾಯಕ್ಕೆ ಚಿಕ್ಕಪ್ಪ, ಅತ್ತೆಯರ ಮಕ್ಕಳು ನಾಲ್ವರಿದ್ದಾರೆ. ಕಲ್ಯಾಣ ಮಂಟಪ ನಮ್ಮ ಕೈಗೆ ಸಿಗುವುದು ಶನಿವಾರ ಮಧ್ಯಾಹ್ನ 12ಕ್ಕೆ, ಅತಿಥಿಗಳು ಬರಲಾರಂಭಿಸುವುದು ಸಂಜೆ 6.30ಕ್ಕೆ. ಹವಾನಿಯಂತ್ರಣ ಇಲ್ಲ, ಫ್ಯಾನುಗಳಿವೆ. ಮೇ ತಿಂಗಳ ಸೆಕೆಯಲ್ಲಿ ರಾತ್ರಿ ಹತ್ತರವರೆಗೆ ಬಾಡದೆ ನಿಲ್ಲುವ, ನಮ್ಮಂಥ ಅನುಭವವಿಲ್ಲದವರೂ ಮಾಡಬಹುದಾದ ಅಲಂಕಾರ ಯಾವುದಿದೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ತೋಟಗಾರಿಕೆ ಮೇಷ್ಟರು

ತಾಯೀ, ನೀವು ನೋಡಿದ ಚಿತ್ರಗಳಿಗೂ ನಿಮ್ಮ ಊರಿನ ಮಾರುಕಟ್ಟೆಗೂ ಹೊಂದಿಕೆಯಿಲ್ಲದಿರುವುದೇ ನಿಮ್ಮ ಖರ್ಚು ಏರಲು ಮುಖ್ಯ ಕಾರಣ. ಹೂದಾನಿಯಲ್ಲಿ ನಿಲ್ಲಿಸುವ ಅಲಂಕಾರಕ್ಕೆ ಉದ್ದ ಕಾಂಡದ ಹೂ ಬೇಕು. ನಮ್ಮಲ್ಲಿ ಅಂಥವು ಹೆಚ್ಚಾಗಿ ಹಸಿರುಮನೆಯಲ್ಲಿ ಬೆಳೆದು, ಕಟ್ಟು ಕಟ್ಟಾಗಿ, ದುಬಾರಿ ಬೆಲೆಗೆ ಬರುತ್ತವೆ. ದೇವರಾಜ ಮಾರುಕಟ್ಟೆಯಲ್ಲಿ ರಾಶಿ ರಾಶಿಯಾಗಿ, ಕಿಲೋ ಲೆಕ್ಕದಲ್ಲಿ ಸಿಗುವುದು ಮಾಲೆಗೂ ಪೂಜೆಗೂ ಬೇಕಾದ ಬಿಡಿ ಹೂ, ಅಂದರೆ ಕಾಂಡವಿಲ್ಲದೆ ತೊಟ್ಟಿನ ಬುಡದಲ್ಲೇ ಕಿತ್ತ ಚೆಂಡುಹೂ, ಸೇವಂತಿಗೆ, ಸಣ್ಣ ಗುಲಾಬಿ. ಆದ್ದರಿಂದ ಬಿಡಿ ಹೂವಿಗೆ ಹೊಂದುವ ವಿನ್ಯಾಸವನ್ನು ಆರಿಸಿಕೊಂಡರೆ ಖರ್ಚು ತಾನಾಗಿಯೇ ಇಳಿಯುತ್ತದೆ.

ಅಂಥ ವಿನ್ಯಾಸಕ್ಕೆ ಬಾಳೆಯ ದಿಂಡಿನಷ್ಟು ಒಳ್ಳೆಯ ತಳ ನನಗೆ ಬೇರೆ ಕಂಡಿಲ್ಲ. ಗೊನೆ ಕಡಿದ ಮೇಲೆ ತೋಟದಲ್ಲಿ ಸುಮ್ಮನೆ ಬಿದ್ದಿರುವ ದಿಂಡನ್ನು ತಂದು, ಮೇಲಿನ ಒಣಗಿದ ಪಟ್ಟೆಗಳನ್ನು ಸುಲಿದು, ಮೂರು ಅಂಗುಲ ದಪ್ಪದ ಬಿಲ್ಲೆಗಳಾಗಿ ಅಡ್ಡಕ್ಕೆ ಕತ್ತರಿಸಬೇಕು. 28 ಬಿಲ್ಲೆಗಳಿಗೆ ಒಟ್ಟು ಏಳು ಅಡಿ ಉದ್ದದ ದಿಂಡು ಸಾಕಾಗುವುದರಿಂದ, ಸಾಧಾರಣ ಗಾತ್ರದ ಎರಡು ದಿಂಡು ತಂದರೆ ಹಾಳಾದದ್ದಕ್ಕೂ ಒದಗುತ್ತದೆ. ಬಿಲ್ಲೆಯೊಳಗೆ ನೀರು ತುಂಬಿದ ಕೋಶಗಳು ಜೇನುಗೂಡಿನಂತೆ ಸಾಲಾಗಿರುತ್ತವೆ. ಕಡ್ಡಿ ಚುಚ್ಚಿದರೆ ಅಲುಗದಂತೆ ಹಿಡಿದುಕೊಳ್ಳುತ್ತದೆ, ಒಂದು ದಿನದ ಮಟ್ಟಿಗೆ ತೇವವನ್ನೂ ಕಾಯ್ದುಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಹಸಿರು ಬಣ್ಣದ ಫೋಮ್ ಇಟ್ಟಿಗೆಗೆ ಹಣ ಕೊಡಬೇಡಿ. ಅದು ಪ್ಲಾಸ್ಟಿಕ್ಕೇ, ಒಂದೇ ಬಳಕೆಗೆ ಮುಗಿಯುತ್ತದೆ, ಗೊಬ್ಬರವೂ ಆಗುವುದಿಲ್ಲ.

ತೆಂಗಿನ ಗರಿಯ ಕಡ್ಡಿಗಳನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ತುಂಡರಿಸಿ, ಒಂದು ತುದಿಯನ್ನು ಚೂಪು ಮಾಡಿ, ಹೂವಿನ ತೊಟ್ಟಿನ ಕಡೆಯಿಂದ ಚುಚ್ಚಿ, ಇನ್ನೊಂದು ತುದಿಯನ್ನು ದಿಂಡಿಗೆ ನಾಟಬೇಕು. ಆರು ಅಂಗುಲ ಅಗಲದ ಬಿಲ್ಲೆಗೆ ಏಳು ಚೆಂಡುಹೂ, ಹನ್ನೆರಡು ಸೇವಂತಿಗೆ, ನಾಲ್ಕೈದು ಸಣ್ಣ ಗುಲಾಬಿ ಹಿಡಿಸುತ್ತವೆ. ನಡುವಿನ ಕಡ್ಡಿಗಳನ್ನು ಸ್ವಲ್ಪ ಎತ್ತರವಾಗಿಯೂ ಅಂಚಿನವನ್ನು ತಗ್ಗಾಗಿಯೂ ನಾಟಿದರೆ ಗೋಪುರದ ಆಕಾರ ಬರುತ್ತದೆ. ಒಟ್ಟು ಎತ್ತರ ಎಂಟು ಅಂಗುಲ ಮೀರದಿರಲಿ; ಎದುರು ಕುಳಿತವರ ಮುಖ ಕಾಣದ ಅಲಂಕಾರವನ್ನು ಜನ ತಾವೇ ಎತ್ತಿ ಕುರ್ಚಿಯ ಕೆಳಗೆ ಇಡುವುದನ್ನು ನಾನು ಕಂಡಿದ್ದೇನೆ.

ಹೂವನ್ನು ಶನಿವಾರ ನಸುಕಿನಲ್ಲೇ ಕೊಳ್ಳಿ. ತಂದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಡಬೇಡಿ, ಏಕೆಂದರೆ ಕಿತ್ತ ಮೇಲೂ ಹೂ ಉಸಿರಾಡುತ್ತಲೇ ಇರುತ್ತದೆ. ರಾಶಿಯೊಳಗೆ ಬಿಸಿ ಏರಿ, ನಡುವಿನ ಹೂಗಳು ಮಧ್ಯಾಹ್ನದೊಳಗೆ ಕಂದಿಹೋಗುತ್ತವೆ. ಬಿದಿರಿನ ಬುಟ್ಟಿಯಲ್ಲಿ ತೆಳುವಾಗಿ ಹರಡಿ, ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ನೆರಳಿನಲ್ಲಿಡಿ. ಚೆಂಡುಹೂವಿನ ಮೇಲೆ ನೀರು ಸುರಿದರೆ ಎಸಳುಗಳ ಬುಡದಲ್ಲಿ ನೀರು ನಿಂತು ಕೊಳೆಯುತ್ತದೆ, ಚಿಮುಕಿಸಿದರೆ ಸಾಕು.

ಕಾಂಡವಿರುವ ಒಂದಾದರೂ ಹೂ ಬೇಕೆನಿಸಿದರೆ ಸುಗಂಧರಾಜ ತನ್ನಿ. ಅದರಲ್ಲಿ ಒಂಟಿ ಸುತ್ತಿನದು ಮಾಲೆಗೆ, ಜೋಡಿ ಸುತ್ತಿನದು ಕಡ್ಡಿಯಾಗಿ ನಿಲ್ಲಿಸುವುದಕ್ಕೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸುವಾಸಿನಿ, ವೈಭವ್ ಎಂಬ ತಳಿಗಳು ಈ ಎರಡನೆಯ ಬಗೆಯವು. ಮೊಗ್ಗು ಕೆಳಗಿನಿಂದ ಮೇಲಕ್ಕೆ ಅರಳುವುದರಿಂದ ಬುಡದ ಎರಡು ಮೂರು ಹೂ ಮಾತ್ರ ಬಿರಿದಿರುವ ಕಡ್ಡಿಗಳನ್ನು ಆರಿಸಿ, ಬುಡವನ್ನು ಓರೆಯಾಗಿ ಕತ್ತರಿಸಿ, ತಕ್ಷಣ ನೀರಿನಲ್ಲಿ ನಿಲ್ಲಿಸಿ. ಮೇಜಿಗೆ ಮೂರು ಕಡ್ಡಿ ಸಾಕು.

ಕಟಪಾಡಿ ಕಡೆಯವಳು

ಮೇಷ್ಟರು ಹೇಳಿದ ಬಾಳೆದಿಂಡಿನ ಉಪಾಯವನ್ನು ನಾನೂ ಒಪ್ಪುತ್ತೇನೆ. ಆದರೆ ಸುಗಂಧರಾಜದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸಂಜೆಯಾದಂತೆ ಅದರ ಪರಿಮಳ ಏರುತ್ತದೆ. 28 ಮೇಜುಗಳಲ್ಲಿ ಮೂರು ಮೂರರಂತೆ 84 ಕಡ್ಡಿಗಳನ್ನು ಮುಚ್ಚಿದ ಸಭಾಂಗಣದಲ್ಲಿಟ್ಟರೆ ಅತಿಥಿಗಳಿಗೆ ಸಾರಿನ ಒಗ್ಗರಣೆಯ ವಾಸನೆಯೂ ತಿಳಿಯದು, ತಲೆನೋವು ಬರುವವರೂ ಇರುತ್ತಾರೆ. ಊಟದ ಮೇಜಿನ ಹೂವಿಗೆ ಬಣ್ಣವಿದ್ದರೆ ಸಾಕು, ಪರಿಮಳ ಬಾಗಿಲಿನಲ್ಲಿರಲಿ. ಪನ್ನೀರು ಚಿಮುಕಿಸುವ ಜಾಗದಲ್ಲಿ ಹಿತ್ತಾಳೆಯ ಒಂದು ಕೊಡಪಾನದ ತುಂಬ ಸುಗಂಧರಾಜ ನಿಲ್ಲಿಸಿ, ಒಳಗೆ ಬರುವವರಿಗೆಲ್ಲ ಅದರ ಘಮ ತಾಕುತ್ತದೆ.

ಮಲ್ಲಿಗೆಯ ವಿಷಯವನ್ನು ಯಾರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಂಕರಪುರದ ಮಲ್ಲಿಗೆ ಮಾರಾಟವಾಗುವುದು ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೂ ಗೊತ್ತಾಗುತ್ತದೆ, ಮದುವೆಗಳ ಕಾಲದಲ್ಲಿ ಅದು ಎಲ್ಲಿಗೆ ಏರುತ್ತದೆಂದು ಬೆಳೆಯುವ ನಾವೇ ಮುಂಚಿತವಾಗಿ ಹೇಳಲಾರೆವು. ನಿಮ್ಮ ಮೈಸೂರು ಮಲ್ಲಿಗೆಯೂ ಲಗ್ನದ ದಿನಗಳಲ್ಲಿ ಅಗ್ಗವೇನಲ್ಲ. ಬಾಳೆನಾರಿನಲ್ಲಿ ಒಂದೊಂದೇ ಮೊಗ್ಗು ಸೇರಿಸಿ ಕಟ್ಟಿದ ಮಲ್ಲಿಗೆ ಹೆಂಗಸರ ಮುಡಿಯಲ್ಲಿರಬೇಕು. ಮೇಜಿನ ಮೇಲೆ ಪಾತ್ರೆಗೆ ಸುತ್ತಿದರೆ ಒಂದು ಗಂಟೆಯಲ್ಲಿ ಫ್ಯಾನಿನ ಗಾಳಿಗೆ ಕೆಂಪಾಗುತ್ತದೆ. ಬೇಕಿದ್ದರೆ ಕನಕಾಂಬರ ಬಳಸಿ. ನಾವು ಅಬ್ಬಲಿಗೆ ಎನ್ನುವ ಆ ಹೂವಿಗೆ ಪರಿಮಳವಿಲ್ಲ, ಆದರೆ ಕಿತ್ತ ಮರುದಿನವೂ ಬಣ್ಣ ಕೆಡದೆ ಉಳಿಯುತ್ತದೆ.

ಸಾಗರ ಸೀಮೆಯವ

ಹೂವಿಗಿಂತ ಎಲೆಗೆ ಹೆಚ್ಚು ಕೆಲಸ ಕೊಡಿ ಎಂಬುದು ನನ್ನ ಸಲಹೆ. ನಮ್ಮ ಕಡೆ ಮದುವೆ ಮನೆಯಲ್ಲಿ ಚಪ್ಪರಕ್ಕೂ ಮಂಟಪಕ್ಕೂ ಬಹುಪಾಲು ಬೇಕಾಗುವುದು ಹಸಿರೇ. ಕ್ರೋಟನ್ ಎಲೆಗಳು ದಪ್ಪವಾಗಿದ್ದು ನೀರಿಲ್ಲದೆಯೂ ಒಂದೆರಡು ದಿನ ಹಾಗೆಯೇ ಇರುತ್ತವೆ; ಅವುಗಳ ಹಳದಿ, ಕೆಂಪು ಗೆರೆಗಳಿಂದಾಗಿ ದೂರದಿಂದ ನೋಡಿದವರಿಗೆ ಅವೂ ಹೂವಿನಂತೆಯೇ ಕಾಣುತ್ತವೆ. ಬಿಲ್ಲೆಯ ಸುತ್ತ ಆರೇಳು ಕ್ರೋಟನ್ ಎಲೆ ಹೊರಮುಖವಾಗಿ ಚುಚ್ಚಿದರೆ ಅಲಂಕಾರದ ಅಗಲ ಇಮ್ಮಡಿಯಾಗುತ್ತದೆ, ಹೂ ಅರ್ಧಕ್ಕೆ ಸಾಕಾಗುತ್ತದೆ. ಜರಿಗಿಡದ ಎಲೆ ನೋಡಲು ಚೆಂದ, ಆದರೆ ಸೆಕೆಗೆ ಬೇಗ ಮುದುಡುವುದರಿಂದ ನಿಮ್ಮ ಮೇ ತಿಂಗಳಿಗೆ ಬೇಡ.

ಬಾಳೆದಿಂಡಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದರ ಸೊನೆ ತಾಗಿದ ಬಿಳಿ ಬಟ್ಟೆ ಮತ್ತೆ ಬಿಳಿಯಾಗುವುದಿಲ್ಲ. ಮೇಜಿಗೆ ಹಾಸುವ ಬಟ್ಟೆಯನ್ನು ಬಾಡಿಗೆಗೆ ತಂದಿದ್ದರೆ ಬಾಳೆಯ ಕರೆಗೆ ನೀವು ದಂಡ ತೆರಬೇಕಾದೀತು. ಬಿಲ್ಲೆಗಳನ್ನು ಕತ್ತರಿಸಿದ ಮೇಲೆ ಒಂದು ಗಂಟೆ ಓರೆಯಾಗಿ ನಿಲ್ಲಿಸಿ ಸೊನೆ ಬಸಿಯಲು ಬಿಡಿ, ಆಮೇಲೆ ಒಂದೊಂದನ್ನೂ ಅಡಿಕೆ ಹಾಳೆಯ ತಟ್ಟೆಯ ಮೇಲಿಡಿ. ಹಾಳೆಯ ತಟ್ಟೆಗೆ ಅಂಚು ಇರುವುದರಿಂದ ಆಮೇಲೆ ಇಳಿಯುವ ನೀರೂ ಅದರಲ್ಲೇ ನಿಲ್ಲುತ್ತದೆ, ನೋಡಲೂ ಒಪ್ಪವಾಗಿರುತ್ತದೆ. ಕತ್ತರಿಸಿದ ಮೈ ಕೆಲವು ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗುವುದರಿಂದ ಸುತ್ತಲೂ ಏನಾದರೂ ಮುಚ್ಚಬೇಕಾಗುತ್ತದೆ.

ಯಾರಾದರೂ ಅಡಿಕೆಯ ಸಿಂಗಾರ ತರಿಸೋಣ ಎಂದರೆ ಯೋಚಿಸಿ. ಹಾಳೆ ಸೀಳಿ ಹೊರಬರುವ ಆ ಹಳದಿ ಗೊಂಚಲಿನಷ್ಟು ಮಂಗಳಕರವಾದ ಅಲಂಕಾರ ಬೇರೆ ಇಲ್ಲ, ನಿಜ. ಆದರೆ ಒಂದು ಸಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋದಂತೆ, ಒಂದು ಮರ ವರ್ಷಕ್ಕೆ ಕೊಡುವುದೇ ಮೂರೋ ನಾಲ್ಕೋ ಗೊನೆ. ಧಾರೆಯ ಮಂಟಪಕ್ಕೆ ಎರಡು ಕೇಳಿದರೆ ಯಾವ ತೋಟದವರೂ ಸಂತೋಷದಿಂದ ಕೊಡುತ್ತಾರೆ. ಮೇಜುಗಳಿಗೆಂದು 28 ಕೇಳುವುದು ಸರಿಯಲ್ಲ.

ಕೈಸುಟ್ಟುಕೊಂಡವಳು, ಬೆಂಗಳೂರು

ಮೂರು ವರ್ಷದ ಹಿಂದೆ ನನ್ನ ಅಣ್ಣನ ಆರತಕ್ಷತೆಗೆ 20 ಮೇಜುಗಳ ಅಲಂಕಾರವನ್ನು ನಾನೇ ವಹಿಸಿಕೊಂಡಿದ್ದೆ. ನಾನು ಮಾಡಿದ ತಪ್ಪುಗಳನ್ನು ಬರೆದರೆ ನಿಮಗೆ ಉಪಯೋಗವಾದೀತು.

ಬೆಳಕು ಹರಿಯುವ ಮೊದಲೇ ಕೆ.ಆರ್. ಮಾರುಕಟ್ಟೆಗೆ ಹೋಗಿ, ಒಂದು ದಿನ ಮುಂಚಿತವಾಗಿಯೇ ಕಾರ್ನೇಷನ್ ಹೂವಿನ ಕಟ್ಟುಗಳನ್ನು ತಂದು, ಬಕೆಟ್ಟುಗಳಲ್ಲಿ ನೀರು ಹಾಕಿ, ತಂಪಾಗಿರಲೆಂದು ಉಗ್ರಾಣದಲ್ಲಿಟ್ಟೆ. ತಾಂಬೂಲದ ಚೀಲಕ್ಕೆಂದು ತರಿಸಿದ್ದ ಬಾಳೆಹಣ್ಣಿನ ಗೊನೆಗಳು ಅದೇ ಕೋಣೆಯಲ್ಲಿ ಹಣ್ಣಾಗುತ್ತಿದ್ದವು. ಮರುದಿನ ನೋಡಿದರೆ ನೀರಿನಲ್ಲಿ ನಿಂತಿದ್ದ ಹೂಗಳೇ ಎಸಳು ಒಳಕ್ಕೆ ಸುರುಟಿಕೊಂಡು ಮಲಗಿದ್ದವು. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆಂಬುದೂ, ಅದಕ್ಕೆ ಮೊದಲು ಬಲಿಯಾಗುವ ಹೂಗಳಲ್ಲಿ ಕಾರ್ನೇಷನ್ ಒಂದೆಂಬುದೂ ನನಗೆ ತಿಳಿದದ್ದು ಆಮೇಲೆ. ಮದುವೆ ಮನೆಯಲ್ಲಿ ತಂಪಾದ ಕೋಣೆ ಎಂದರೆ ಉಗ್ರಾಣವೇ ಆಗಿರುತ್ತದೆ, ಆದ್ದರಿಂದ ಈ ತಪ್ಪು ಯಾರಿಗೂ ಸುಲಭವಾಗಿ ಆಗಬಹುದು. ಹೂವಿಗೆ ಬೇರೆ ಕೋಣೆ ಕೇಳಿ ಇಟ್ಟುಕೊಳ್ಳಿ.

ಹೂ ಕೈಕೊಟ್ಟ ಮೇಲೆ ಪಾತ್ರೆಯಲ್ಲಿ ನೀರು ತುಂಬಿ, ಗುಲಾಬಿ ಎಸಳು ಮತ್ತು ತೇಲುವ ಮೇಣದ ದೀಪಗಳನ್ನು ಬಿಡುವ ಉಪಾಯ ಮಾಡಿದೆವು. ಫ್ಯಾನು ಹಾಕಿದೊಡನೆ ಅರ್ಧ ದೀಪಗಳು ಆರಿದವು. ಉಳಿದವುಗಳ ಹತ್ತಿರ ಮಕ್ಕಳು ಕೈಚಾಚುವುದನ್ನೂ, ರೇಷ್ಮೆ ಸೀರೆಯ ಸೆರಗುಗಳು ಮೇಜಿನ ಮೇಲೆ ಬರುವುದನ್ನೂ ನೋಡಿ ನಮ್ಮ ದೊಡ್ಡಮ್ಮ ಏನೂ ಹೇಳದೆ ಒಂದೊಂದನ್ನೇ ಆರಿಸುತ್ತ ಹೋದರು. ಅವರು ಮಾಡಿದ್ದೇ ಸರಿ. ಸಾಲದ್ದಕ್ಕೆ ನೀರು ತುಂಬಿದ ಪಾತ್ರೆಗಳನ್ನು ಎಲ್ಲೋ ಸಿದ್ಧಮಾಡಿ ಹೊತ್ತು ತರುವಾಗ ದಾರಿಯುದ್ದಕ್ಕೂ ಚೆಲ್ಲಿತು.

ಇನ್ನು ಸಮಯದ ಲೆಕ್ಕ. ಒಂದು ಬಿಲ್ಲೆಗೆ ಹೊಸಬರಿಗೆ ಕಾಲು ಗಂಟೆ ಬೇಕು ಎಂದುಕೊಂಡರೆ 28ಕ್ಕೆ ಏಳು ಗಂಟೆ. ಒಬ್ಬೊಬ್ಬರು ಒಂದೊಂದು ಬಿಲ್ಲೆ ಹಿಡಿದು ಕೂರುವ ಬದಲು ಒಬ್ಬರು ಕಡ್ಡಿ ಚೂಪು ಮಾಡುವುದು, ಒಬ್ಬರು ಹೂವಿಗೆ ಚುಚ್ಚುವುದು, ಇಬ್ಬರು ನಾಟುವುದು ಎಂದು ಹಂಚಿಕೊಂಡರೆ ಎರಡು ಗಂಟೆಯೊಳಗೆ ಮುಗಿಯುತ್ತದೆ, ನೋಡಲೂ ಎಲ್ಲವೂ ಒಂದೇ ತೆರನಾಗಿರುತ್ತವೆ. ಕಡ್ಡಿಗಳನ್ನು ಹಿಂದಿನ ವಾರವೇ ಮಾಡಿಟ್ಟುಕೊಳ್ಳಬಹುದು. ಸಾಗಿಸಲು ಹಾಲಿನ ಕ್ರೇಟುಗಳು ತುಂಬ ಅನುಕೂಲ. ಕೊನೆಯದಾಗಿ, ಮೇಜಿನ ಅಗಲ ಐದು ಅಡಿಯಿದ್ದರೂ ಎಂಟು ತಟ್ಟೆ, ಎಂಟು ನೀರಿನ ಬಾಟಲಿಗಳು ಬಂದ ಮೇಲೆ ನಡುವೆ ಉಳಿಯುವುದು ಒಂದೂವರೆ ಅಡಿಯೂ ಇಲ್ಲ. ಸಾಗರದವರು ಹೇಳಿದ ಕ್ರೋಟನ್ ಎಲೆಗಳನ್ನು ಚುಚ್ಚುವಾಗ ಇದು ನೆನಪಿರಲಿ.

ದೊಡ್ಡ ಮಗಳು, ಮೈಸೂರು

ಎಲ್ಲರಿಗೂ ಅನಂತ ಧನ್ಯವಾದಗಳು. ನಿಮ್ಮ ಮಾತು ಕೇಳಿ ಕಳೆದ ಭಾನುವಾರ ಒಂದು ಬಿಲ್ಲೆಯನ್ನು ಮಾಡಿ ನೋಡಿದೆ. ದಿಂಡು ನಂಜನಗೂಡಿನ ನಮ್ಮ ಸೋದರಮಾವನ ತೋಟದಿಂದ ಬಂತು, ಅದಕ್ಕೆ ಖರ್ಚಿಲ್ಲ. ಬೆಳಿಗ್ಗೆ 11ಕ್ಕೆ ಸಿದ್ಧವಾದದ್ದನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಫ್ಯಾನಿನ ಕೆಳಗೇ ಇಟ್ಟು, ಗಂಟೆಗೊಮ್ಮೆ ನೋಡುತ್ತಿದ್ದೆ. ರಾತ್ರಿ ಎಂಟಕ್ಕೂ ಚೆಂಡುಹೂ, ಸೇವಂತಿಗೆಗಳು ಇಟ್ಟಂತೆಯೇ ಇದ್ದವು. ಗುಲಾಬಿಯ ಅಂಚುಗಳು ಮಾತ್ರ ನಾಲ್ಕು ಗಂಟೆಯ ಹೊತ್ತಿಗೇ ಒಣಗತೊಡಗಿದ್ದವು. ಆದ್ದರಿಂದ ಗುಲಾಬಿಯನ್ನು ಸಂಜೆ ಐದರ ನಂತರ ಕೊನೆಯಲ್ಲಿ ಚುಚ್ಚುವುದೆಂದು ನಿಶ್ಚಯಿಸಿದ್ದೇವೆ.

ಕತ್ತರಿಸಿದ ಮೈ ಮುಚ್ಚಲು ಮೊದಲು ನಾನು ಸುತ್ತಲೂ ವೀಳ್ಯದೆಲೆ ಕಟ್ಟಿದ್ದೆ. ತುಂಬ ಚೆನ್ನಾಗಿ ಕಾಣುತ್ತಿತ್ತು. ಆದರೆ ಮಂಗಳದ್ರವ್ಯವನ್ನು ಎಂಜಲಾಗುವ ಮೇಜಿನ ಮೇಲೆ ಇಡುವುದುಂಟೇ ಎಂದು ಅಜ್ಜಿ ಕೇಳಿದ ಮೇಲೆ ಅದನ್ನು ಕೈಬಿಟ್ಟೆ. ಅದರ ಬದಲು ಬಾಳೆಯೆಲೆಯನ್ನು ನಾಲ್ಕು ಅಂಗುಲ ಅಗಲದ ಪಟ್ಟಿಗಳಾಗಿ ಸೀಳಿ, ಒಲೆಯ ಉರಿಯ ಮೇಲೆ ಒಂದು ಸಲ ಹಾಯಿಸಿ ಬಾಡಿಸಿದರೆ ಹರಿಯದೆ ಸುತ್ತಿಕೊಳ್ಳುತ್ತದೆ ಎಂದು ಅವರೇ ತೋರಿಸಿಕೊಟ್ಟರು. ಊಟದ ಎಲೆಯೇ ಆದ್ದರಿಂದ ಆಕ್ಷೇಪಣೆಯೂ ಇಲ್ಲ.

ಸುಗಂಧರಾಜವನ್ನು ಕಟಪಾಡಿಯ ಅಕ್ಕ ಹೇಳಿದಂತೆ ಬಾಗಿಲಿಗೆ ಮಾತ್ರ ಇಡುತ್ತೇವೆ. ಆ ಖರ್ಚು ಬಾಗಿಲಿನ ಅಲಂಕಾರದ ಲೆಕ್ಕಕ್ಕೆ ಹೋಗುತ್ತದೆ. ಮೇಜಿನ ಮೇಲೆ ಒಂದಿಷ್ಟಾದರೂ ಘಮ ಇರಲೆಂದು ಮರುಗವನ್ನು ಸೇರಿಸಿದ್ದೇನೆ. ಅದರ ವಾಸನೆ ಮುಟ್ಟಿದರಷ್ಟೇ ಏಳುತ್ತದೆ, ಊಟಕ್ಕೆ ಅಡ್ಡಬರುವುದಿಲ್ಲ.

ಭಾನುವಾರ ನಾನು ಮಾರುಕಟ್ಟೆಯಲ್ಲಿ ಕೇಳಿದ ದರದಲ್ಲಿ ಲೆಕ್ಕ ಹೀಗಾಯಿತು: ಚೆಂಡುಹೂ 3 ಕಿಲೋಗೆ ₹180, ಸೇವಂತಿಗೆ 2 ಕಿಲೋಗೆ ₹400, ಬಿಡಿ ಗುಲಾಬಿ 1 ಕಿಲೋಗೆ ₹160, ಮರುಗ 12 ಕಟ್ಟಿಗೆ ₹240, ಹಾಳೆಯ ತಟ್ಟೆ 30ಕ್ಕೆ ₹180, ಆಟೋ ಬಾಡಿಗೆ ₹400. ಒಟ್ಟು ₹1,560, ಅಂದರೆ ಮೇಜಿಗೆ ₹56ರಷ್ಟು. ಕ್ರೋಟನ್ ಎಲೆ ನೆರೆಮನೆಯ ಬೇಲಿಯದು, ಕೇಳಿಯೇ ಕೊಯ್ಯುತ್ತೇವೆ. ನಾಲ್ವರ ಕೂಲಿಯನ್ನು ಇದರಲ್ಲಿ ಸೇರಿಸಿಲ್ಲ. ಅವರು ಕೇಳಿರುವುದು ಮಸಾಲೆದೋಸೆ. ಲಗ್ನದ ದಿನ ಹೂವಿನ ಬೆಲೆ ಇದರ ಎರಡರಷ್ಟಾದರೂ ನಮ್ಮ ಮಿತಿ ಮೀರುವುದಿಲ್ಲ. ಒಂದೇ ಅನುಮಾನ ಉಳಿದಿದೆ: ಹೂವನ್ನು ಶುಕ್ರವಾರ ಸಂಜೆಯೇ ತಂದಿಟ್ಟರೆ ನಡೆದೀತೇ? ಶನಿವಾರ ನಸುಕಿನಲ್ಲಿ ಮನೆಯಲ್ಲಿ ಬೇರೆ ಶಾಸ್ತ್ರಗಳಿವೆ.

ತೋಟಗಾರಿಕೆ ಮೇಷ್ಟರು

ಸುಗಂಧರಾಜದ ವಿಷಯದಲ್ಲಿ ಆ ತಾಯಿ ಹೇಳಿದ್ದೇ ಸರಿ. ನಾನು ಹೂವಿನ ಆಯಸ್ಸನ್ನು ಮಾತ್ರ ನೋಡಿದೆ, ಊಟವನ್ನು ಮರೆತೆ.

ಚೆಂಡುಹೂ ಮತ್ತು ಸೇವಂತಿಗೆಯನ್ನು ಶುಕ್ರವಾರ ಸಂಜೆ ತರಬಹುದು, ಬುಟ್ಟಿಯಲ್ಲಿ ಹರಡಿ ಒದ್ದೆ ಬಟ್ಟೆ ಮುಚ್ಚಿಟ್ಟರೆ ತೊಂದರೆಯಿಲ್ಲ. ಆದರೆ ಸಂಜೆ ಅಂಗಡಿಯಲ್ಲಿರುವುದು ಬೆಳಗಿನ ಹೂವೇ ಆಗಿರುವುದರಿಂದ ರಾಶಿಯ ಒಳಗೆ ಕೈಹಾಕಿ ನೋಡಿ, ಬೆಚ್ಚಗಿದ್ದರೆ ಕೊಳ್ಳಬೇಡಿ. ಗುಲಾಬಿಯನ್ನು ಮಾತ್ರ ಶನಿವಾರ ಯಾರನ್ನಾದರೂ ಕಳುಹಿಸಿ ತರಿಸಿ. ದಿಂಡನ್ನು ಶುಕ್ರವಾರ ಇಡಿಯಾಗಿ ತಂದು ನೆರಳಿನಲ್ಲಿ ಇರಿಸಿ, ಶನಿವಾರ ಮನೆಯಲ್ಲೇ ಕತ್ತರಿಸಿ ಸೊನೆ ಬಸಿದು ಒಯ್ಯಿರಿ. ಮಂಟಪದ ನೆಲಕ್ಕೆ ಕರೆ ಹತ್ತಿಸಿಕೊಳ್ಳುವುದು ಬೇಡ.

ಕೈಸುಟ್ಟುಕೊಂಡವಳು, ಬೆಂಗಳೂರು

ಒಂದು ಮಾತು ಬಿಟ್ಟುಹೋಗಿತ್ತು. ಬಾಗಿಲಿಗೆ ಹಿತ್ತಾಳೆಯ ಕೊಡಪಾನ ಇಡುವುದಾದರೆ ಅದರ ತಳದಲ್ಲಿ ಉಗುರಿನ ಬಣ್ಣದಿಂದ ಒಂದು ಚುಕ್ಕೆ ಇಟ್ಟು, ರಾತ್ರಿ ಅದನ್ನು ಒಳಗೆ ತೆಗೆದಿಡಲು ಒಬ್ಬರಿಗೆ ಹೇಳಿಡಿ. ಮಂಟಪದ ಪಾತ್ರೆಗಳ ಜೊತೆ ಸೇರಿಹೋದ ನಮ್ಮ ಅಮ್ಮನ ಕೊಡಪಾನ ಇನ್ನೂ ಸಿಕ್ಕಿಲ್ಲ.